ಪ್ರೊಸೆಸರಿಗೆ ಅವಸರ ಕಲಿಸಲು ಹೋಗಿ

ನಮ್ಮ ದೇವರ ಗೂಡಿನ ಮುಂದೆ ಒಂದು ಹಿತ್ತಾಳೆಯ ತಟ್ಟೆ ಇದೆ. ಹೊರಗಿನಿಂದ ಬಂದವನೇ ಕಿಸೆಯ ಚಿಲ್ಲರೆಯನ್ನು ಅದರಲ್ಲಿ ಹಾಕುವುದು ನನ್ನ ಹಳೆಯ ಚಟ. ಮೊನ್ನೆ ತಟ್ಟೆ ತೊಳೆಯೋಣವೆಂದು ಬೋರಲು ಹಾಕಿದೆ. ನಾಣ್ಯಗಳ ಜೊತೆಗೆ ಒಂದು ಗುಂಡನೆಯ ಬ್ಯಾಟರಿ ಉರುಳಿ ಬಿತ್ತು. ದೂರದಿಂದ ನೋಡಿದರೆ ನಾಣ್ಯವೇ. ಸತ್ತು ಒಂದು ವರ್ಷವಾಗಿರುವ ಆ ಬ್ಯಾಟರಿಗೆ ದಿನಾ ಊದಿನಕಡ್ಡಿಯ ಹೊಗೆ, ಶುಕ್ರವಾರಕ್ಕೊಮ್ಮೆ ಅರಿಷಿಣ ಕುಂಕುಮ ತಪ್ಪದೆ ಸಲ್ಲುತ್ತ ಬಂದಿದೆ. ನನ್ನ ಹೆಂಡತಿ ವಿಜಯಾ ಅಡುಗೆಮನೆಯಿಂದ ಇಣುಕಿ ನೋಡಿ, "ಇದನ್ನಿನ್ನೂ ಇಟ್ಕೊಂಡೀರೇನ್ರಿ?" ಎಂದಳು. ನಾನು ಸುಮ್ಮನೆ ಅದನ್ನು ಒರೆಸಿ ಮತ್ತೆ ತಟ್ಟೆಯಲ್ಲಿ ಇಟ್ಟೆ. ಬಿಸಾಕುವುದಕ್ಕೂ ಒಂದು ಉಮೇದು ಬೇಕಾಗುತ್ತದೆ.

ಅದು ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆಯೊಳಗಿಂದ ಹೊರಬಂದದ್ದು. ಹೇಗೆ ಹೊರಬಂತು ಎಂದು ಹೇಳಬೇಕಾದರೆ ನಾನು ಮಾಡಿದ ಒಂದು ಘನಕಾರ್ಯವನ್ನು ಹೇಳಬೇಕು. ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಕಂಪ್ಯೂಟರಿನೊಳಗೆ ಪ್ರೊಸೆಸರ್ ಎಂಬ ಒಂದು ಚೌಕದ ಬಿಲ್ಲೆ ಇರುತ್ತದೆ. ಲೆಕ್ಕ, ಯೋಚನೆ ಎಲ್ಲ ಅದರದೇ. 'ನೀನು ಇಷ್ಟು ವೇಗದಲ್ಲಿ ಓಡಿದರೆ ಸಾಕು' ಎಂದು ಕಾರ್ಖಾನೆಯವರು ಅದಕ್ಕೊಂದು ಮಿತಿ ಹಾಕಿ ಕಳಿಸುತ್ತಾರೆ. ಆ ಮಿತಿಯನ್ನು ನಾವೇ ಮೇಲಕ್ಕೆ ಸರಿಸಿ, ಅದನ್ನು ಇನ್ನೂ ಜೋರಾಗಿ ಓಡಿಸುವುದೇ ಓವರ್‌ಕ್ಲಾಕಿಂಗ್. ಇಪ್ಪತ್ತರ ಹರೆಯದವರು ಆಟ ಆಡುವುದಕ್ಕಾಗಿ ಮಾಡುವ ಕೆಲಸವಿದು. ನನಗೆ ಐವತ್ತೇಳು.

ಅವಸರವೆಂಬುದು ನನ್ನ ಜಾಯಮಾನದಲ್ಲೇ ಇಲ್ಲ. ಆದರೆ ಬೇರೆಯವರಿಗೆ ಅವಸರ ಮಾಡಿಸುವ ಚಪಲ ಸಣ್ಣಂದಿನಿಂದಲೂ ಇದೆ. ವಿಜಯಪುರದ ನಮ್ಮ ಮನೆಯಲ್ಲಿ ಲೋಲಕದ ಗಡಿಯಾರವೊಂದಿತ್ತು. ಲೋಲಕದ ಬುಡದಲ್ಲಿ ಒಂದು ಸಣ್ಣ ತಿರುಪು. ಅದನ್ನು ಮೇಲಕ್ಕೆ ತಿರುಗಿಸಿದರೆ ಗಡಿಯಾರ ಚುರುಕಾಗುತ್ತದೆ ಎಂದು ರಿಪೇರಿಗೆ ಬಂದವನು ಅಪ್ಪನಿಗೆ ಹೇಳುವುದನ್ನು ಕೇಳಿಸಿಕೊಂಡಿದ್ದೆ. ಬೇಸಿಗೆ ರಜೆ ಬೇಗ ಬರಲಿ ಎಂಬ ಮಹದಾಸೆಯಿಂದ ಸ್ಟೂಲು ಹತ್ತಿ ತಿರುವಿಬಿಟ್ಟೆ. ರಜೆ ಬೇಗ ಬರಲಿಲ್ಲ. ಅಪ್ಪ ಮಾತ್ರ ವಾರವಿಡೀ ಬಸ್‌ಸ್ಟ್ಯಾಂಡಿಗೆ ದಿನದಿನಕ್ಕೂ ಇನ್ನಷ್ಟು ಮುಂಚಿತವಾಗಿ ಹೋಗಿ ಬಿಸಿಲಲ್ಲಿ ನಿಂತರು. ಸಂಜೆ ಬಂದು ಅವ್ವನ ಹತ್ತಿರ, "ಇತ್ಲಾಗ ಬಸ್ಸಿನವ್ರು ಭಾಳ ತಡಾ ಮಾಡ್ಲಿಕ್ಕಹತ್ಯಾರ ನೋಡು" ಎಂದು ಗೊಣಗುತ್ತಿದ್ದರು. ನಾನು ಮಗ್ಗಿ ಬಾಯಿಪಾಠ ಮಾಡುತ್ತ ಕೂತಿರುತ್ತಿದ್ದೆ. ಅಪ್ಪ ತೀರಿಕೊಳ್ಳುವವರೆಗೂ ನಾನು ಅದನ್ನು ಹೇಳಲಿಲ್ಲ.

ಆಮೇಲೆ ಹೊಟ್ಟೆಪಾಡಿಗೆ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಒಂದು ಲಾರಿ ಸಾಗಣೆ ಆಫೀಸಿನಲ್ಲಿ ಗುಮಾಸ್ತನಾದೆ. ಅಲ್ಲೂ ಅದೇ ಕಥೆ. ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ವ್ಯಾಪಾರಿಗಳು ಫೋನು ಮಾಡಿ "ಮಾಲು ಎಲ್ಲಿಗೆ ಬಂತ್ರಿ?" ಎಂದು ಕೇಳುವರು. ಲಾರಿ ನನ್ನ ಕಣ್ಣೆದುರಿಗೇ ನಿಂತಿರುತ್ತಿತ್ತು, ಹಮಾಲರು ಇನ್ನೂ ಚೀಲ ಏರಿಸುತ್ತಿರುತ್ತಿದ್ದರು. ನಾನು ಮಾತ್ರ, "ಆಗಲೇ ಕಾತ್ರಜ ದಾಟೇದ ನೋಡ್ರಿ" ಎನ್ನುತ್ತಿದ್ದೆ. ಮೂವತ್ತು ವರ್ಷ ಹೀಗೆ ನಿಂತ ಲಾರಿಗಳನ್ನು ಬಾಯಿಯಿಂದಲೇ ಪುಣೆಯ ಅಂಚಿನ ಕಾತ್ರಜ ದಾಟಿಸಿದೆ. ಕೊನೆಗೆ ಲಾರಿ ಎಲ್ಲಿದೆ ಎಂಬುದು ವ್ಯಾಪಾರಿಯ ಫೋನಿನಲ್ಲೇ ಕಾಣಿಸತೊಡಗಿತು. ನನ್ನ ಬಾಯಿಗೆ ಕೆಲಸವಿಲ್ಲದಾಯಿತು. ಹಾರ ಹಾಕಿ ಮನೆಗೆ ಕಳಿಸಿದರು.

ಮನೆಯಲ್ಲಿ ಕೂತವನ ದಣಿವು ವಿಚಿತ್ರವಾದದ್ದು. ಬೆಳಿಗ್ಗೆ ಏಳುವಾಗಲೇ ಮೈ ಸೋತಿರುತ್ತದೆ. ಬಿಬ್ವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ವಿಜಯಾಳ ಕಾರ್ಯಾಲಯ. ಮೊದಲು ಒಂದು ಫೋಟೊ ಸ್ಟುಡಿಯೊದಲ್ಲಿ ಆಲ್ಬಮ್ಮಿಗೆ ಫೋಟೊ ಅಂಟಿಸುತ್ತಿದ್ದವಳು, ನೋಡಿ ನೋಡಿ ಕಂಪ್ಯೂಟರಿನ ಕೆಲಸ ಕಲಿತು, ಈಗ ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿ ಸಿನಿಮಾದಂತೆ ಮಾಡಿಕೊಡುತ್ತಾಳೆ. ಅವಳು ಕೆಲಸ ಮಾಡುವಾಗ ನಾನು ಹಿಂದಿನ ಮಂಚದ ಮೇಲೆ ಕೂತಿರುತ್ತೇನೆ. ಚಹಾ ತಂದು ಕೊಡುತ್ತೇನೆ. ಲೋಟ ಒಯ್ಯುತ್ತೇನೆ. "ಏನರೆ ಸಹಾಯ ಬೇಕೇನು?" ಎಂದು ಕೇಳುತ್ತೇನೆ. "ಸುಮ್ನ ಕೂಡ್ರಿ, ಅದ ಸಹಾಯ" ಎನ್ನುತ್ತಾಳೆ. ಅವಳು ಸಿಟ್ಟಿನಿಂದ ಹೇಳುವುದಿಲ್ಲ, ಆದರೂ ನನಗೆ ಚುರ್ ಎನ್ನುತ್ತದೆ.

ಕಳೆದ ವರ್ಷ ಏಪ್ರಿಲ್ಲಿನಲ್ಲಿ ಪುಣೆಯ ಹತ್ತಿರದ ಸಾಸವಡದ ಒಂದು ಮದುವೆಯ ವಿಡಿಯೊ ಬಂದಿತ್ತು. ಮದುವಣಗಿತ್ತಿಯ ತಾಯಿ ಸುರೇಖಾತಾಯಿ, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ, ಸೋಮವಾರ ಫೋನು ಮಾಡಿದರು. ಅವರ ಮಾವ, ಎಲ್ಲರೂ ಆಜೋಬಾ, ಅಂದರೆ ಅಜ್ಜ, ಎಂದು ಕರೆಯುವ ಮುದುಕರು, ಮೊಮ್ಮಗಳ ಮದುವೆಯಾದ ವಾರಕ್ಕೆ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರಂತೆ. ಡಾಕ್ಟರು ಇನ್ನು ಏಳುವುದು ಕಷ್ಟ ಎಂದಿದ್ದರಂತೆ. ಮುದುಕರು ಊಟ ಬಿಟ್ಟು ಒಂದೇ ಸಮನೆ ಮದುವೆಯ ಸಿನಿಮಾ ಕೇಳುತ್ತಿದ್ದಾರೆ, ಗುರುವಾರದೊಳಗೆ ಕೊಡಲಾದೀತೇ? ವಿಜಯಾ ಆಗಲಿ ಎಂದಳು. ಫೋನು ಇಟ್ಟು ಕಣ್ಣು ತಿಕ್ಕಿಕೊಂಡು, "ಕೆಲಸ ನಾಳಿಗೆ ಮುಗೀತದ. ಆದ್ರ ಎಲ್ಲಾ ಕೂಡಿಸಿ ಒಂದು ಫೈಲ್ ಮಾಡ್ಲಿಕ್ಕೆ ಈ ಮಷೀನ್ ಏಳು ತಾಸು ತಗೋತದ, ನಡುವ ಎರಡು ಸಲ ನಿಲ್ತದ. ಇದು ಇನ್ನೀಟು ಜೋರ ಓಡಿದ್ರ ಛಲೋ ಆಗ್ತಿತ್ತು" ಎಂದಳು.

ಅವಳು ಗೋಡೆಗೆ ಹೇಳಿದ ಮಾತದು. ನಾನು ಅದನ್ನು ನನಗೆ ಬಂದ ಹುಕುಂ ಎಂದು ತಿಳಿದೆ.

ಮಂಗಳವಾರ ಬೆಳಿಗ್ಗೆ ಅವಳು ಅಂಚುಗಳನ್ನೆಲ್ಲ ತಿದ್ದಿ ಮುಗಿಸಿ, ಒಂದು ನಾಮಕರಣದ ಚಿತ್ರೀಕರಣಕ್ಕೆ ಹೋದಳು. "ಬಂದ ಮ್ಯಾಲೆ ರೆಂಡರಿಗೆ ಹಚ್ತೀನಿ, ಮುಟ್ಟಬ್ಯಾಡ್ರಿ" ಎಂದು ಹೇಳಿಯೇ ಹೋದಳು. ಎಲ್ಲ ತುಣುಕುಗಳನ್ನು ಒಂದೇ ಸಿನಿಮಾವಾಗಿ ಬೇಯಿಸಿ ಇಳಿಸುವುದಕ್ಕೆ ರೆಂಡರ್ ಎನ್ನುತ್ತಾರೆ. ಅವಳು ಮೆಟ್ಟಿಲಿಳಿದ ಸಪ್ಪಳ ನಿಂತ ಕೂಡಲೇ ನಾನು ಫೋನಿನಲ್ಲಿ ಒಂದು ವಿಡಿಯೊ ಹಚ್ಚಿದೆ. ಅದರಲ್ಲೊಬ್ಬ ಗಡ್ಡದ ತರುಣ ಹಿಂದಿಯಲ್ಲಿ, ಇದು ಹತ್ತು ನಿಮಿಷದ ಕೆಲಸ, ಹೆದರುವಂಥದ್ದು ಏನೂ ಇಲ್ಲ ಎಂದು ನಗುತ್ತ ಹೇಳುತ್ತಿದ್ದ. ಅವನು ಹೇಳಿದಂತೆ ಕಂಪ್ಯೂಟರ್ ಶುರುವಾಗುವ ಮುನ್ನ ಒಂದು ಗುಂಡಿ ಒತ್ತಿ ಹಿಡಿದು, ಸಾಮಾನ್ಯರು ನೋಡದ ಸೆಟ್ಟಿಂಗಿನ ಪುಟಕ್ಕೆ ಹೊಕ್ಕೆ. ಅಲ್ಲಿ ವೇಗದ ಸಾಲಿನಲ್ಲಿ ಮೂವತ್ತಾರು ಎಂಬ ಅಂಕಿ ಇತ್ತು. ಅದನ್ನು ನಲವತ್ತು ಮಾಡಿದೆ.

ಕಂಪ್ಯೂಟರ್ ಏನೂ ಆಗದಂತೆ ಶುರುವಾಯಿತು! ಕಿಟಕಿಗಳೆಲ್ಲ ಪಟಪಟ ತೆರೆದುಕೊಂಡಂತೆ ನನಗೆ ಕಂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಮತ್ತೆ ಒಳಹೊಕ್ಕು ನಲವತ್ಮೂರು ಮಾಡಿದೆ. ಈ ಸಲ ಅರ್ಧ ಶುರುವಾಗಿ, ತಾನೇ ಆರಿ, ಮತ್ತೆ ಶುರುವಾಯಿತು. ವೇಗ ಹೆಚ್ಚಿಸಿದರೆ ವೋಲ್ಟೇಜೂ ಸ್ವಲ್ಪ ಹೆಚ್ಚಿಸಬೇಕು ಎಂದ ಗಡ್ಡದವನು. ಓಡುವವನಿಗೆ ತುತ್ತು ಹೆಚ್ಚು ಬೇಕಲ್ಲ, ನ್ಯಾಯವೇ ಎನಿಸಿತು. ಏರಿಸಿದೆ. ಈ ಸಲ ಆರದೆ ನಿಂತಿತು. ಆಗ ನನಗೊಂದು ಆಸೆ ಹುಟ್ಟಿತು. ಅವಳು ಬರುವುದರೊಳಗೆ ಸಿನಿಮಾ ತಯಾರಾಗಿರಬೇಕು. 'ಆಗೇದ ನೋಡು' ಎಂದು ನಾನು ಮಂಚದ ಮೇಲಿನಿಂದ ಏಳದೆಯೇ ಹೇಳಬೇಕು. ಅವಳ ಫೈಲನ್ನು ತೆರೆದು ರೆಂಡರಿಗೆ ಹಚ್ಚಿಬಿಟ್ಟೆ.

ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಹೊರಗೆ ಏಪ್ರಿಲ್ಲಿನ ಬಿಸಿಲು, ಒಳಗೆ ಡಬ್ಬಿಯ ಹಿಂಬದಿಯಿಂದ ಬಿಸಿಗಾಳಿ. ಒದ್ದೆ ಟವೆಲ್ಲನ್ನು ಡಬ್ಬಿಯ ಮೇಲೆ ಹೊದಿಸಲೇ ಎಂದು ಕೂಡ ಯೋಚಿಸಿದೆ. ದೇವರು ದೊಡ್ಡವನು, ಹೊದಿಸಲಿಲ್ಲ. ನೂರಕ್ಕೆ ಮೂವತ್ತೊಂದು ಆಗಿತ್ತು. ತೆರೆ ನೀಲಿಯಾಯಿತು. ಅದರ ಮೇಲೆ ಅಳುಮೋರೆಯ ಒಂದು ಗುರುತು ಮೂಡಿತು. ತಾನೇ ಆರಿ ಹತ್ತಿತು. ಫೈಲು ತೆರೆಯಹೋದರೆ, 'ಫೈಲು ಹಾಳಾಗಿದೆ, ತೆರೆಯಲಾಗದು' ಎಂದಿತು. ಔಷಧದ ಪ್ರಮಾಣ ಸಾಲಲಿಲ್ಲವೇನೋ ಎಂದುಕೊಂಡು ವೋಲ್ಟೇಜನ್ನು ಮತ್ತೊಂದಿಷ್ಟು ಏರಿಸಿದೆ. ಅಲ್ಲಿಗೆ ಮುಗಿಯಿತು. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ತೆರೆ ಮಾತ್ರ ಕಾಡಿಗೆಯಂತೆ ಕಪ್ಪು. ಸೆಟ್ಟಿಂಗಿನ ಪುಟಕ್ಕೆ ಹೋಗಿ ಹಿಂದಕ್ಕೆ ತಿರುಗಿಸೋಣವೆಂದರೆ ಆ ಪುಟವೇ ಬರುತ್ತಿಲ್ಲ. ತಂತಿ ಕಿತ್ತು ಚುಚ್ಚಿದೆ, ಹತ್ತು ನಿಮಿಷ ಬಿಟ್ಟು ಹಚ್ಚಿದೆ, ಡಬ್ಬಿಯ ಬೆನ್ನು ತಟ್ಟಿದೆ. ಏನೂ ಇಲ್ಲ.

ನಾಲ್ಕು ಗಂಟೆಗೆ ವಿಜಯಾ ಬಂದಳು. "ಯಾಕ, ಸ್ಕ್ರೀನ್ ಯಾಕ ಹಿಂಗದ?" ಎಂದಳು.

"ಏನೋ, ತಾನ ಬಂದ್ ಆತು" ಎಂದೆ. ಮೂವತ್ತು ವರ್ಷದ ರೂಢಿ, ಬಾಯಿ ತಡವರಿಸಲಿಲ್ಲ. ಆದರೆ ನನ್ನ ಅಂಗಿಯ ಕಿಸೆಯಲ್ಲಿದ್ದ ಫೋನಿನಿಂದ ಆ ಗಡ್ಡದವನು, 'ದೋಸ್ತೋ, ಈಗ ವೋಲ್ಟೇಜ್ ಸ್ವಲ್ಪ ಏರಿಸೋಣ' ಎಂದು ಹಿಂದಿಯಲ್ಲಿ ಹೇಳಿದ. ತಪ್ಪು ಎಲ್ಲಾಯಿತೆಂದು ಮತ್ತೆ ಹಚ್ಚಿ ನೋಡುತ್ತಿದ್ದ ವಿಡಿಯೊವನ್ನು ನಿಲ್ಲಿಸಿರಲೇ ಇಲ್ಲ ನಾನು.

ವಿಜಯಾ ನನ್ನ ಕಿಸೆಯನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕ್ಯಾಮೆರಾದ ಚೀಲ ಕೆಳಗಿಟ್ಟು, "ಕುರ್ಚಿ ಬಿಟ್ಟು ಏಳ್ರಿ" ಎಂದಳು. ನಾನು ಆದದ್ದನ್ನೆಲ್ಲ ಹೇಳಿದೆ. ಫೈಲಿನ ವಿಷಯ ಹೇಳುವಾಗ ಮಾತ್ರ ಅವಳು ಒಮ್ಮೆ ಕಣ್ಣು ಮುಚ್ಚಿದಳು. ಒಂಬತ್ತು ದಿನಗಳ ಕೆಲಸವಿತ್ತು ಅದರಲ್ಲಿ. ನಂತರ ಸುರೇಖಾತಾಯಿಗೆ ಫೋನು ಹಚ್ಚಿ ಮರಾಠಿಯಲ್ಲಿ, "ತಾಯಿ, ಮಷೀನ್ ಕೆಟ್ಟಿದೆ, ಎರಡು ದಿನ ತಡವಾಗುತ್ತದೆ, ತಪ್ಪು ನನ್ನದೇ, ಕ್ಷಮಿಸಿ" ಎಂದಳು. ಅತ್ತಲಿಂದ ಏನು ಹೇಳಿದರೋ, ಇವಳು ನಾಲ್ಕು ಸಲ ಕ್ಷಮೆ ಕೇಳಿದಳು. ನನ್ನ ಹೆಸರು ಎತ್ತಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಳ ಬಿಟ್ಟು ನಿಂತೆ.

ಮರುದಿನ ಡಬ್ಬಿಯನ್ನು ಹಳೆಯ ಚಾದರಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಕಾತ್ರಜಕ್ಕೆ ಒಯ್ದೆ. ಅಲ್ಲಿ ಬಸ್ಸುಗಳು ನಿಲ್ಲುವ ಕಡೆ ಒಂದು ಓಣಿಯಲ್ಲಿ ರಿಪೇರಿಯ ಅಂಗಡಿ ಇತ್ತು. ಕೂತಿದ್ದವರು ನನಗಿಂತ ಹಿರಿಯರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. "ಕಾಯ ಕೇಲಂ?" ಎಂದರು, ಏನು ಮಾಡಿದಿರಿ ಎಂದು. ಏನಾಯಿತು ಎಂದು ಕೇಳಲಿಲ್ಲ, ಗಮನಿಸಿ. ನಾನು ವೈದ್ಯರೆದುರು ಕೂತ ರೋಗಿಯಂತೆ ಮೊದಲು ಅರ್ಧ ಹೇಳಿದೆ, ಅವರು ಸುಮ್ಮನೆ ನೋಡುತ್ತಲೇ ಇದ್ದುದರಿಂದ ಇನ್ನರ್ಧವನ್ನೂ ಹೇಳಿದೆ.

ಅವರು ಡಬ್ಬಿಯ ಪಕ್ಕದ ತಗಡು ಬಿಚ್ಚಿದರು. ಒಳಗೆ ಏಳು ವರ್ಷದ ಧೂಳು, ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ಕೂತಿತ್ತು. ಅವರು ಅದನ್ನು ಬೆರಳಿಂದ ಹಿಡಿದೆತ್ತಿದರೆ ಹರಿಯದೆ ಒಂದೇ ತುಂಡಾಗಿ ಬಂತು. ಫ್ಯಾನು ಕಿತ್ತರೆ ಕೆಳಗೆ, ಬಿಸಿಯನ್ನು ಹೊರಸಾಗಿಸಲೆಂದು ಹಚ್ಚುವ ಬಿಳಿಯ ಲೇಪ ಒಣಗಿ ಸುಣ್ಣವಾಗಿತ್ತು. ಅವರು ನಿಧಾನಕ್ಕೆ ಮರಾಠಿಯಲ್ಲಿ ತಿಳಿಸಿದರು. ಇದು ನಿಧಾನವಾದದ್ದು ಶಕ್ತಿ ಕಡಿಮೆಯಾಗಿ ಅಲ್ಲ, ಉಸಿರು ಕಟ್ಟಿ. ಬಿಸಿ ತಾಳದೆ ತಾನಾಗಿಯೇ ನಡಿಗೆ ನಿಧಾನ ಮಾಡಿಕೊಂಡಿತ್ತು. ಅಂಥದ್ದನ್ನು ನೀವು ಹಿಂದಿನಿಂದ ಚಾಟಿ ಬೀಸಿ ಓಡಿಸಿದಿರಿ.

ನನಗೆ ಅಲ್ಲೇ ಸ್ಟೂಲಿನ ಮೇಲೆ ಕೂಡಬೇಕೆನಿಸಿತು, ಕೂತೆ.

ಅವರು ಧೂಳು ಊದಿ, ಹೊಸ ಲೇಪ ಹಚ್ಚಿ, ಕೊನೆಗೆ ಚಿಮಟಿಗೆಯಿಂದ ಒಂದು ಗುಂಡನೆಯ ಬ್ಯಾಟರಿಯನ್ನು ಕಿತ್ತು ನನ್ನ ಅಂಗೈಗೆ ಹಾಕಿದರು. ನಾನು ಬರೆದಿಟ್ಟ ಹುಚ್ಚು ಅಂಕಿಗಳನ್ನು ಕಂಪ್ಯೂಟರು ನೆನಪಿಟ್ಟುಕೊಂಡಿರುವುದು ಇದರ ಬಲದಿಂದ. ಇದನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ಎಲ್ಲ ಮರೆತು ಕಾರ್ಖಾನೆಯಿಂದ ಬಂದ ದಿನದ ಹಾಗಾಗುತ್ತದೆ ಎಂದರು. ಆ ಸ್ವಲ್ಪ ಹೊತ್ತಿಗೆ ಚಹಾ ತರಿಸಿದರು. ಮನುಷ್ಯರಿಗೂ ಇಂಥದ್ದೊಂದು ಎಲ್ಲಾದರೂ ಇದ್ದೀತೇ ಎಂದು ಕೇಳಬೇಕೆನಿಸಿತು, ಆದರೆ ಮರಾಠಿಯಲ್ಲಿ ಅಷ್ಟು ದೂರ ಹೋಗುವ ಧೈರ್ಯ ನನಗಿಲ್ಲ. ಚಹಾ ಮುಗಿದ ಮೇಲೆ ಹೊಸ ಬ್ಯಾಟರಿ ಕೂರಿಸಿ ಗುಂಡಿ ಒತ್ತಿದರು. ತೆರೆ ಬೆಳಗಿತು. ಮೂವತ್ತಾರು ಎಂಬ ಅಂಕಿ ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿತ್ತು. "ಆತಾ ಹಾತ ಲಾವೂ ನಕಾ" ಎಂದರು. ಇನ್ನು ಕೈ ಹಚ್ಚಬೇಡಿ. ಹಳೆಯ ಬ್ಯಾಟರಿ ನನ್ನ ಕಿಸೆಯಲ್ಲೇ ಉಳಿದು, ಮನೆಗೆ ಬಂದಾಗ ಚಿಲ್ಲರೆಯ ಜೊತೆ ದೇವರ ಮುಂದೆ ಬಿತ್ತು.

ಕಂಪ್ಯೂಟರ್ ಬದುಕಿತು, ಫೈಲು ಬದುಕಲಿಲ್ಲ. ಆದರೆ ಆ ಸಾಫ್ಟ್‌ವೇರು ತಾನೇ ಆಗಾಗ ನಕಲು ಇಡುತ್ತದಂತೆ. ಹುಡುಕಿ ಹುಡುಕಿ ವಿಜಯಾ ಭಾನುವಾರದ ಒಂದು ನಕಲನ್ನು ಪತ್ತೆ ಮಾಡಿದಳು. ಅಂದರೆ ಸೋಮವಾರ, ಮಂಗಳವಾರ ಮಾಡಿದ್ದನ್ನು ಮತ್ತೆ ಮಾಡಬೇಕು. ಒಮ್ಮೆ ಮಾಡಿ ಮುಗಿಸಿದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡುವವರ ಬೆನ್ನನ್ನು ನೀವು ನೋಡಿದ್ದೀರೋ ಇಲ್ಲವೋ. ಗುರುವಾರವೆಲ್ಲ ನಾನು ಅದನ್ನೇ ನೋಡುತ್ತ ಮಂಚದ ಮೇಲಿದ್ದೆ. ರೊಟ್ಟಿ ಬಡಿದೆ, ಅವು ಮಹಾರಾಷ್ಟ್ರದ ನಕಾಶೆಯಂತಾದವು. ಅವಳು ನೋಡದೆಯೇ ತಿಂದಳು. ಶುಕ್ರವಾರ ಮಧ್ಯಾಹ್ನ ರೆಂಡರಿಗೆ ಹಚ್ಚಿದಳು. ಧೂಳಿಲ್ಲದ ಕಂಪ್ಯೂಟರ್ ತನ್ನ ಹುಟ್ಟು ವೇಗದಲ್ಲೇ, ಸದ್ದಿಲ್ಲದೆ, ನಾಲ್ಕು ತಾಸಿನೊಳಗೆ ಮುಗಿಸಿಬಿಟ್ಟಿತು.

ಶನಿವಾರ ನಾವೇ ಪೆನ್ ಡ್ರೈವ್ ತೆಗೆದುಕೊಂಡು ದಿವೇ ಘಾಟಿನ ಬಸ್ಸಿನಲ್ಲಿ ಸಾಸವಡಕ್ಕೆ ಹೋದೆವು. ಆಜೋಬಾ ಹೊರಕೋಣೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕೃಶ ದೇಹ, ತಲೆಗೆ ಬಿಳಿ ಟೊಪ್ಪಿಗೆ, ಕಿವಿ ಮಂದ. ಸುರೇಖಾತಾಯಿ ನೀರು ಕೊಟ್ಟು, ಕೊಂಚ ಮುನಿಸಿನಿಂದಲೇ, "ಬೇಕಾದ ಹೊತ್ತಿಗೇ ನಿಮ್ಮ ಮಷೀನು ಕೆಡಬೇಕೆ? ಎರಡು ದಿನದಿಂದ ಬಾಗಿಲು ನೋಡುತ್ತಿದ್ದಾರೆ ಇವರು" ಎಂದರು. ವಿಜಯಾ ತಲೆ ತಗ್ಗಿಸಿ, "ಹೋ ತಾಯಿ, ಚುಕ್ಲಂಚ" ಎಂದಳು, ತಪ್ಪಾಯಿತು ಎಂದು. ಐದನೆಯ ಸಲ.

ನನಗೆ ತಡೆಯಲಾಗಲಿಲ್ಲ. "ತಾಯಿ, ಅದು ತಾನಾಗಿ ಕೆಡಲಿಲ್ಲ. ನಾನು ಕೆಡಿಸಿದೆ. ಇವಳು ಮುಟ್ಟಬೇಡ ಎಂದಿದ್ದಳು" ಎಂದೆ, ನನ್ನ ವಿಜಯಪುರದ ಮರಾಠಿಯಲ್ಲಿ. ವಿಜಯಾ ತಟ್ಟನೆ ನನ್ನ ಕಡೆ ತಿರುಗಿದಳು. ಆಜೋಬಾ ಕಿವಿಗೆ ಕೈ ಹಚ್ಚಿ ಏನಂತೆ ಎಂದು ಕೇಳಿದರು. ಸೊಸೆ ಅವರ ಕಿವಿಯ ಹತ್ತಿರ ಬಾಗಿ, "ಕಂಪ್ಯೂಟರ್ ಕೆಡಿಸಿದ್ದು ಇವರಂತೆ!" ಎಂದು ಕೂಗಿದರು. ಓಣಿಗೆಲ್ಲ ಕೇಳಿಸಿರಬೇಕು. ಎದುರುಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ಮೊರ ನಿಲ್ಲಿಸಿ ನೋಡಿದಳು. ಮುದುಕರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮಂಚದ ಅಂಚನ್ನು ತಟ್ಟಿ, "ಬಸಾ" ಎಂದರು. ಹೋಗಿ ಪಕ್ಕದಲ್ಲಿ ಕೂತೆ.

ಸಿನಿಮಾ ಎರಡೂವರೆ ತಾಸಿನದು. ಮೊದಲ ಅರ್ಧ ತಾಸು ಮನೆಯವರೆಲ್ಲ ತಮ್ಮ ತಮ್ಮ ಮುಖ ಬರುವವರೆಗೆ ಕೂತರು. ಬಂದ ಮೇಲೆ ಒಬ್ಬೊಬ್ಬರಾಗಿ ಎದ್ದುಹೋದರು. ಸುರೇಖಾತಾಯಿ ವಿಜಯಾಳನ್ನು ಊಟಕ್ಕೆಂದು ಒಳಗೆ ಕರೆದರು. ಉಳಿದವರು ನಾವಿಬ್ಬರೇ, ಆಜೋಬಾ ಮತ್ತು ನಾನು. ರಿಮೋಟು ನನ್ನ ಕೈಗೆ ಬಂತು. ಅರಿಷಿಣದ ಶಾಸ್ತ್ರದಲ್ಲಿ ಅವರು ತೂಕಡಿಸಿದರು, ಜೊತೆಗೆ ನಾನೂ ತುಸು ತೂಕಡಿಸಿರಬಹುದು. ಅಕ್ಷತೆಯ ಹೊತ್ತಿಗೆ ಅವರು ಎಚ್ಚರಾಗಿ ನನ್ನ ಮಣಿಕಟ್ಟು ಹಿಡಿದರು.

ತೆರೆಯ ಮೇಲೆ ಎಲ್ಲರೂ ಅಕ್ಷತೆ ಹಾಕಿ ಮುಗಿದಿತ್ತು. ಜನ ಚದುರುತ್ತಿದ್ದರು. ಆಗ ಆ ತುದಿಯ ಕುರ್ಚಿಯಿಂದ ಆಜೋಬಾ ಎದ್ದರು. ಯಾರೋ ಕೈ ಹಿಡಿಯಲು ಬಂದರೆ ಬೇಡವೆಂದು ಸರಿಸಿ, ಧೋತರದ ಚುಂಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಮುಷ್ಟಿಯಲ್ಲಿ ಅಕ್ಷತೆ ಇಟ್ಟುಕೊಂಡು, ಮಂಟಪದ ಇಡೀ ಉದ್ದವನ್ನು ನಡೆದು ಬಂದರು. ನಿಧಾನಕ್ಕೆ ಬಂದರು. ಹತ್ತಿರ ಹತ್ತಿರ ಎರಡು ನಿಮಿಷ ಬೇರೇನೂ ಇಲ್ಲ, ಅವರು ನಡೆಯುತ್ತಿದ್ದಾರೆ ಅಷ್ಟೇ. ಮೊಮ್ಮಗಳ ತಲೆಯ ಮೇಲೆ ಅಕ್ಷತೆ ಹಾಕಿ ತಿರುಗಿದರು.

"ಪುನ್ಹಾ ಲಾವಾ" ಎಂದರು ಪಕ್ಕದಲ್ಲಿದ್ದ ಆಜೋಬಾ. ಮತ್ತೊಮ್ಮೆ ಹಚ್ಚಿ.

ಹಚ್ಚಿದೆ. ಅವರು ಮೊಮ್ಮಗಳನ್ನು ನೋಡುತ್ತಿರಲಿಲ್ಲ. ಕಣ್ಣು ಕೆಳಗೆ, ಆ ಕಾಲುಗಳ ಮೇಲೆ ಇತ್ತು. ನಾಲ್ಕು ಸಲ ಹಚ್ಚಿಸಿದರು. ನಾಲ್ಕನೆಯ ಸಲ ಮುಗಿದಾಗ ಚಾದರಿನ ಕೆಳಗಿನ ತಮ್ಮ ಮೊಣಕಾಲನ್ನು ಒಮ್ಮೆ ಸವರಿ, ಊಟ ತರಲು ಹೇಳಿದರು.

ಮರಳುವ ಬಸ್ಸಿನಲ್ಲಿ ಕಿಟಕಿಯ ಕಡೆ ವಿಜಯಾ, ಈಚೆಗೆ ನಾನು. ಘಾಟು ಇಳಿಯುವವರೆಗೂ ಅವಳು ಹೊರಗೆ ನೋಡುತ್ತಿದ್ದಳು. ನಾನು ಆಜೋಬಾ ನಾಲ್ಕು ಸಲ ನೋಡಿದ್ದನ್ನು ಹೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ, "ಅದನ್ನ ನಾ ಸೋಮವಾರ ಕತ್ತರಿಸಿದ್ದೆ" ಎಂದಳು. "ಭಾಳ ಉದ್ದ ಆತು, ನೋಡೋವ್ರಿಗೆ ಬ್ಯಾಸರಾಗ್ತದ ಅಂತ. ಅವರು ಏಳೋದು, ಮತ್ತ ಅಕ್ಷತಿ ಹಾಕೋದು, ಅಷ್ಟ ಇಟ್ಟಿದ್ದೆ. ಎರಡ್ನೇ ಸಲ ಮಾಡುಮುಂದ ಕೈ ಸೋತು ಹಂಗ ಬಿಟ್ಟೆ."

ನಾನು ಕೆಡಿಸಿದ್ದರಿಂದಲೇ ಆ ನಡಿಗೆ ಉಳಿಯಿತು ಎಂದು ಇಲ್ಲಿ ಹೇಳಬಹುದಿತ್ತು. ಆದರೆ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದ ಮೇಲೆ ಅದರಲ್ಲಿ ಪಾಲು ಕೇಳುವ ಮನಸ್ಸು ಬರಲಿಲ್ಲ.

"ಇನ್ನ ಮುಂದ ನಾ ಕತ್ರಿ ಹಾಕೋದಕ್ಕ ಮೊದಲ ನೀವೊಮ್ಮೆ ಎಲ್ಲಾ ಕೂತು ನೋಡ್ರಿ" ಎಂದಳು. "ನನಗ ಅಷ್ಟು ತಾಳ್ಮಿ ಉಳಿದಿಲ್ಲ."

"ನೋಡ್ತೀನಿ. ಎಲ್ಲೆಲ್ಲಿ ಬ್ಯಾಸರಾಗ್ತದ ಅಂತ ಬರದು ಕೊಡ್ಲೇನು?"

ಅವಳು ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಅದೇನ್ ಬ್ಯಾಡ್ರಿ. ಯಾರರೆ ವಯಸ್ಸಾದವ್ರು ನಡಕೋತ ಹೊಂಟಿದ್ರ, ಅಷ್ಟ ಹೇಳ್ರಿ."